ಸುರಪುರದ ಟೇಲರ್ ಸಾಹೇಬ

ಬೇಸಗೆಯ ದಿನಗಳಲ್ಲಿ ಯಾದಗಿರಿಯಿಂದ ಶಹಾಪುರದ ಮೇಲೆ ಹಾಯ್ದು ಸುರಪುರಕ್ಕೆ ಹೋಗುವವರಿಗೆ ದಾರಿಯ ಬದಿಯ ಹೊಲಗಳಲ್ಲಿ ಒಂದು ನೋಟ ಆಗಾಗ ಕಣ್ಣಿಗೆ ಬೀಳುತ್ತದೆ. ಬೋರ್‌ವೆಲ್ ಕೊರೆಯುವ ದೊಡ್ಡ ಲಾರಿಯೊಂದು ಹೊಲದ ನಡುವೆ ನಿಂತಿರುತ್ತದೆ. ಅದರ ಮೂಲೆಗಳಿಂದ ಉಕ್ಕಿನ ಕಾಲುಗಳು ಇಳಿದು ನೆಲವನ್ನು ಒತ್ತಿ ಹಿಡಿಯುತ್ತವೆ. ಲಾರಿಯ ಬೆನ್ನಿನ ಮೇಲೆ ಮಲಗಿದ್ದ ಉದ್ದನೆಯ ಕಂಬವು ತನ್ನಷ್ಟಕ್ಕೆ ತಾನೇ ಎಂಬಂತೆ ಮೇಲೆದ್ದು ನೆಟ್ಟಗೆ ನಿಲ್ಲುತ್ತದೆ. ಊರಿನ ಹುಡುಗರು ಶಾಲೆಯನ್ನೂ ಮರೆತು ಅದನ್ನು ನೋಡುತ್ತ ನಿಲ್ಲುವುದುಂಟು. ಸ್ವಲ್ಪ ಹೊತ್ತಿನಲ್ಲಿಯೇ ಕರಿಕಲ್ಲನ್ನು ಸೀಳುವ ಸದ್ದೂ ಬಿಳಿಯ ಧೂಳೂ ಎದ್ದು ಆ ಹೊಲವನ್ನೆಲ್ಲ ತುಂಬಿಬಿಡುತ್ತವೆ.

ಆ ಕಂಬವನ್ನು ಎತ್ತಿ ನಿಲ್ಲಿಸುವುದು ಎಣ್ಣೆಯ ಒತ್ತಡ. ಲಾರಿಯ ಇಂಜಿನ್ನು ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಿ ಗಟ್ಟಿಯಾದ ಕೊಳವೆಗಳ ಮೂಲಕ ಸಿಲಿಂಡರಿನೊಳಕ್ಕೆ ನೂಕುತ್ತದೆ. ಆ ಒತ್ತಡವು ಒಂದು ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಂನಷ್ಟಿದ್ದು, ಸಿಲಿಂಡರಿನ ಒಳವ್ಯಾಸವು 10 ಸೆಂಟಿಮೀಟರ್ ಇದ್ದರೆ, ಅದು ಏಳೂವರೆ ಟನ್ನಿಗಿಂತಲೂ ಹೆಚ್ಚಿನ ಭಾರವನ್ನು ಎತ್ತಬಲ್ಲದು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಪ್ಯಾಸ್ಕಲನು 17ನೆಯ ಶತಮಾನದಲ್ಲಿಯೇ ತಿಳಿಸಿದ್ದನು. ನಿಯಮವು ಹಳೆಯದು; ಯಂತ್ರವು ಮಾತ್ರ ಹೊಸದು.

ನೂರೆಂಬತ್ತು ವರ್ಷಗಳ ಹಿಂದೆ ಇಂಥ ಯಂತ್ರವನ್ನು ಈ ಸೀಮೆಯ ಜನ ಕನಸಿನಲ್ಲಿಯೂ ಕಂಡಿರಲಿಲ್ಲ. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಹಾರೆ ಗುದ್ದಲಿಗಳಿಗೆ ಜಗ್ಗದ ಬಂಡೆ. ಬಾವಿ ತೋಡುವವರು ಬಂಡೆ ಸಿಕ್ಕಲ್ಲಿಗೆ ಕೈಸೋತು ನಿಲ್ಲುತ್ತಿದ್ದರು. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ ಹರಿಯುತ್ತಿದ್ದರೂ ಎರಡರ ನಡುವಿನ ಎತ್ತರದ ನೆಲಕ್ಕೆ ಆ ನದಿಗಳ ನೀರು ಏರಿ ಬರುವಂತಿರಲಿಲ್ಲ. ಮಳೆಗಾಲದಲ್ಲಿ ಹಳ್ಳಗಳಲ್ಲಿ ಓಡಿಹೋಗುವ ನೀರನ್ನು ಒಡ್ಡು ಹಾಕಿ ನಿಲ್ಲಿಸಿದರೆ ಮಾತ್ರ ಬೇಸಗೆಗೆ ಬದುಕು. ಅಂಥ ಕಾಲದಲ್ಲಿ ಸುರಪುರಕ್ಕೆ ಬಂದು, ಯಾವ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲನ್ನೂ ಹತ್ತದೆ, ನೀರಿನ ಲೆಕ್ಕವನ್ನು ತಾನೇ ಕಲಿತು ಕೆರೆಗಳ ಕೆಲಸಕ್ಕೆ ಕೈಹಾಕಿದ ಒಬ್ಬ ಪರದೇಶಿಯ ಹೆಸರು ಇಂದಿಗೂ ಆ ಊರಿನಲ್ಲಿ ಉಳಿದುಕೊಂಡಿದೆ. ಅವನೇ ಫಿಲಿಪ್ ಮೆಡೋಸ್ ಟೇಲರ್.

ಟೇಲರನು 1808ನೆಯ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ತಂದೆ ವ್ಯಾಪಾರಿ. ವ್ಯಾಪಾರವು ಕೈಕೊಟ್ಟಾಗ ಮನೆತನಕ್ಕೆ ಕಷ್ಟದ ದಿನಗಳು ಬಂದವು. ಹುಡುಗನು ಓದನ್ನು ಅರ್ಧಕ್ಕೆ ಬಿಟ್ಟು ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಬೇಕಾಯಿತು. ಮುಂಬಯಿಯಲ್ಲಿ ಅಂಗಡಿಯಿಟ್ಟಿದ್ದ ಒಬ್ಬ ವರ್ತಕನು ಅವನನ್ನು ಕರೆಸಿಕೊಂಡು, ಪ್ರಾಯಕ್ಕೆ ಬಂದ ಮೇಲೆ ಪಾಲುಗಾರನನ್ನಾಗಿ ಮಾಡಿಕೊಳ್ಳುವುದಾಗಿ ಮಾತುಕೊಟ್ಟನು. ಈ ಭರವಸೆಯನ್ನು ನಂಬಿ 1824ರಲ್ಲಿ, ಇನ್ನೂ ಹದಿನಾರು ತುಂಬದ ಬಾಲಕನು ಹಡಗನ್ನೇರಿದನು. ನಿಮಗಿಂತ ಒಂದೆರಡು ವರ್ಷ ಮಾತ್ರ ದೊಡ್ಡವನಾಗಿದ್ದ ಹುಡುಗನು ತಿಂಗಳುಗಟ್ಟಲೆ ಸಮುದ್ರದ ಮೇಲೆ ಕಳೆದು ಗುರುತು ಪರಿಚಯವಿಲ್ಲದ ದೇಶಕ್ಕೆ ಬಂದಿಳಿದುದನ್ನು ಊಹಿಸಿಕೊಳ್ಳಿರಿ. ಬಂದು ನೋಡಿದರೆ ಆ ವರ್ತಕನ ಸ್ಥಿತಿಯೇ ಕುಸಿದು ಹೋಗಿತ್ತು. ಪಾಲುಗಾರಿಕೆಯ ಮಾತು ಅಲ್ಲಿಗೇ ಮುಗಿಯಿತು.

ತಾಯಿಯ ಕಡೆಯ ಬಂಧುವೊಬ್ಬನು ಮುಂಬಯಿ ಸರಕಾರದಲ್ಲಿ ದೊಡ್ಡ ಅಧಿಕಾರದಲ್ಲಿದ್ದನು. ಅವನ ನೆರವಿನಿಂದ ಟೇಲರನಿಗೆ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಒಂದು ಹುದ್ದೆ ದೊರಕಿತು. ಈ ಹುದ್ದೆಯು ಈಸ್ಟ್ ಇಂಡಿಯಾ ಕಂಪೆನಿಯ ನೇರ ಸೇವೆಗೆ ಸೇರಿದುದಾಗಿರಲಿಲ್ಲ. ಕಂಪೆನಿಯ ಅಧಿಕಾರಿಗಳಿಗಿದ್ದ ಅಂತಸ್ತೂ ಬಡ್ತಿಯೂ ನಿಜಾಮನ ಸೇವೆಯಲ್ಲಿದ್ದವರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಆದರೆ ಈ ಕೊರತೆಯೇ ಟೇಲರನಿಗೆ ಒಂದು ಬಗೆಯಲ್ಲಿ ಉಪಕಾರವಾಯಿತೆಂದು ಹೇಳಬಹುದು. ಅವನು ತನ್ನವರ ದಂಡಿನ ಬಿಡಾರಗಳಲ್ಲಿಯೇ ಕಾಲ ಕಳೆಯದೆ ದಖ್ಖನ್ನಿನ ಹಳ್ಳಿಪಳ್ಳಿಗಳನ್ನು ಸುತ್ತಿದನು. ಹಿಂದೂಸ್ತಾನಿ, ಪಾರಸಿ ಮೊದಲಾದ ಭಾಷೆಗಳನ್ನು ಕಲಿತನು. ಕೆಲವು ಕಾಲ ಪೋಲೀಸು ಅಧಿಕಾರಿಯಾಗಿ ದುಡಿದನು. ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರ ವಿಚಾರ ಅವನ ಗಮನಕ್ಕೆ ಬಂದುದು ಆಗಲೇ. ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ, ಠಕ್ಕನೊಬ್ಬನ ಜೀವನವನ್ನು ಕುರಿತು ಅವನು ಪ್ರಕಟಿಸಿದ ಕಾದಂಬರಿಯು ಆ ದೇಶದಲ್ಲೆಲ್ಲ ಮನೆಮಾತಾಯಿತು. ಅಲ್ಲಿಯೇ ಉಳಿದು ಬರೆವಣಿಗೆಯಿಂದ ಬದುಕಬಹುದಾಗಿತ್ತೇನೋ. ಅವನು ಮರಳಿ ಬಂದನು.

ಅವನು ಮರಳಿದ ಹೊತ್ತಿಗೆ ಸುರಪುರವು ಸಂಕಟದಲ್ಲಿ ಸಿಕ್ಕಿಬಿದ್ದಿತ್ತು.

ಸುರಪುರದ ಸಂಸ್ಥಾನವು ಬೇಡರ ನಾಯಕರದು. ಗುಡ್ಡಗಳ ನಡುವೆ ಹುದುಗಿಕೊಂಡ ಈ ಚಿಕ್ಕ ರಾಜ್ಯದ ಪೂರ್ವಿಕರು ವಾಗಿಣಗೇರಿಯ ಕೋಟೆಯಿಂದ 1705ರಲ್ಲಿ ಔರಂಗಜೇಬನಂಥ ಚಕ್ರವರ್ತಿಯ ಮಹಾಸೈನ್ಯವನ್ನೇ ಎದುರಿಸಿ ನಿಂತವರು. ಮುಂದೆ ನಿಜಾಮನ ಅಧೀನಕ್ಕೆ ಬಂದ ಮೇಲೆ ಕಪ್ಪಕಾಣಿಕೆಗಳ ಹೊರೆ ಹೆಚ್ಚುತ್ತ ಹೋಯಿತು. 1828ರಲ್ಲಿ ಕೃಷ್ಣಪ್ಪ ನಾಯಕನು ಪಟ್ಟಕ್ಕೆ ಬಂದಾಗ ನಿಜಾಮನಿಗೆ 15 ಲಕ್ಷ ರೂಪಾಯಿ ನಜರಾಣೆ ಕೊಡಲು ಒಪ್ಪಬೇಕಾಯಿತು. ಅಷ್ಟು ದೊಡ್ಡ ಮೊತ್ತವನ್ನು ಆ ಸಣ್ಣ ರಾಜ್ಯ ಎಲ್ಲಿಂದ ತಂದೀತು? ಸಾಲದ ಮೇಲೆ ಸಾಲವಾಯಿತು. ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಅವನ ಮಗ ವೆಂಕಟಪ್ಪ ನಾಯಕನು ಏಳೆಂಟು ವರ್ಷದ ಬಾಲಕ. ರಾಣಿ ಈಶ್ವರಮ್ಮ ಒಂದು ಪಕ್ಷ, ಅರಸನ ತಮ್ಮ ಪಿಡ್ಡ ನಾಯಕ ಇನ್ನೊಂದು ಪಕ್ಷ. ಸಾಲಗಾರರು ಬಾಗಿಲಲ್ಲಿ ಕುಳಿತಿದ್ದರು. ಶಸ್ತ್ರಧಾರಿಗಳಾದ ಬೇಡರು ಯಾರ ಮಾತು ಕೇಳಬೇಕೆಂದು ತಿಳಿಯದೆ ಕೆರಳಿದ್ದರು. ಹೈದರಾಬಾದಿನಲ್ಲಿ ರೆಸಿಡೆಂಟನಾಗಿದ್ದ ಜನರಲ್ ಫ್ರೇಜರನು ಈ ಗೊಂದಲವನ್ನು ಬಿಡಿಸಲು ಟೇಲರನನ್ನು ಕಳಿಸಿದನು.

ಯುದ್ಧವಾಗದೆ ಸುರಪುರದ ಕೆಲಸ ಮುಗಿಯದೆಂದು ಅನೇಕರು ತಿಳಿದಿದ್ದರು. ಟೇಲರನು ಮಾತುಕತೆಯನ್ನು ನಚ್ಚಿದನು. ಬೇಡರ ಮುಖಂಡರನ್ನು ಕೂಡಿಸಿಕೊಂಡು ಅವರ ದೂರುಗಳನ್ನು ತಾಳ್ಮೆಯಿಂದ ಕೇಳಿದನು. ರಾಣಿಯೊಡನೆ ಅವನಿಗೆ ಕಡೆಯವರೆಗೂ ಹೊಂದಿಕೆಯಾಗಲಿಲ್ಲ. ಅವಳನ್ನು ಆಡಳಿತದಿಂದ ದೂರವಿಡಲಾಯಿತು. ರಾಣಿಯ ಪಕ್ಷದಿಂದ ಈ ಕತೆಯನ್ನು ಬರೆದವರಿಲ್ಲ. ನಾವು ತಿಳಿದಿರುವುದೆಲ್ಲ ಹೆಚ್ಚಾಗಿ ಟೇಲರನ ಬರೆಹದಿಂದಲೇ ತಿಳಿದುದು ಎಂಬುದನ್ನು ಇಲ್ಲಿ ನೆನಪಿಡುವುದು ನ್ಯಾಯ. ಏನೇ ಇರಲಿ, ದೊಡ್ಡ ರಕ್ತಪಾತವಿಲ್ಲದೆ ಸಂಸ್ಥಾನದ ಆಡಳಿತ ಟೇಲರನ ಕೈಗೆ ಬಂದಿತು. ಅರಸನು ಪ್ರಾಯಕ್ಕೆ ಬರುವವರೆಗೆ, ಎಂದರೆ 1853ರವರೆಗೆ, ಅವನೇ ಸುರಪುರವನ್ನು ನೋಡಿಕೊಂಡನು. ಊರಿನ ಗುಡ್ಡದ ಮೇಲೆ ತನಗಾಗಿ ಒಂದು ಮನೆಯನ್ನೂ ಕಟ್ಟಿಸಿದನು. ಅದು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಈಗಲೂ ನಿಂತಿದೆ.

ಸಂಸ್ಥಾನದ ಸಾಲ ತೀರಬೇಕಾದರೆ ಕಂದಾಯ ಬರಬೇಕು. ಕಂದಾಯ ಬರಬೇಕಾದರೆ ಬೆಳೆ ಬರಬೇಕು. ಬೆಳೆಗೆ ನೀರು ಬೇಕು. ಈ ಸರಪಳಿಯ ಕೊನೆಯ ಕೊಂಡಿಯನ್ನು ಟೇಲರನು ಬೇಗನೆ ಕಂಡುಕೊಂಡನು. ಈ ಸೀಮೆಯಲ್ಲಿ ಕೆರೆ ಕಟ್ಟುವ ವಿದ್ಯೆ ಹೊಸದೇನೂ ಆಗಿರಲಿಲ್ಲ. ಸುರಪುರದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಬೋನಾಳದಲ್ಲಿ ಒಂದು ವಿಶಾಲವಾದ ಕೆರೆಯುಂಟು. ಅದನ್ನು ಮೊದಲು ಕಟ್ಟಿಸಿದವನು ಸುರಪುರದ ಅರಸ ಪಾಮ ನಾಯಕನೆಂದೂ, ಬಳಿಕ ಅದನ್ನು ಜೀರ್ಣೋದ್ಧಾರ ಮಾಡಿಸಿದವನು ಟೇಲರನೆಂದೂ ಈ ಭಾಗದ ಜನ ಹೇಳುತ್ತ ಬಂದಿದ್ದಾರೆ.

ಕೆರೆಯ ಕೆಲಸವೆಂದರೆ ಮಣ್ಣು ಹೊತ್ತು ಸುರಿಯುವುದಷ್ಟೇ ಅಲ್ಲವೆ ಎಂದು ಕೆಲವರಿಗೆ ತೋರಬಹುದು. ಹಾಗೆ ಸುರಿದ ಮಣ್ಣು ಎಷ್ಟೋ ಕಡೆ ಮೊದಲ ದೊಡ್ಡ ಮಳೆಗೇ ಕೊಚ್ಚಿಕೊಂಡು ಹೋಗಿದೆ. ಕೆರೆಯ ಏರಿಯು ನಿಲ್ಲುವುದೂ ಒಡೆಯುವುದೂ ಲೆಕ್ಕದ ಮೇಲೆ ನಿಂತಿದೆ. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಮೀಟರಿನ ಮೇಲೆ ಒಂದು ಟನ್ನಿನ ಒತ್ತಡ ಹಾಕುತ್ತದೆ. ಐದು ಮೀಟರ್ ಆಳದಲ್ಲಿ ಐದು ಟನ್. ಹೀಗೆ ಮೇಲಿನಿಂದ ತಳದವರೆಗೆ ಬೆಳೆಯುತ್ತ ಹೋಗುವ ಒತ್ತಡವನ್ನೆಲ್ಲ ಕೂಡಿಸಿದರೆ, ಐದು ಮೀಟರ್ ನೀರು ನಿಂತ ಏರಿಯು ತನ್ನ ಉದ್ದದ ಪ್ರತಿಯೊಂದು ಮೀಟರಿಗೂ ಹನ್ನೆರಡೂವರೆ ಟನ್ನುಗಳ ನೂಕನ್ನು ತಡೆಯಬೇಕು. ನೀರಿನ ಎತ್ತರ ಹತ್ತು ಮೀಟರಿಗೆ ಏರಿದರೆ ಆ ನೂಕು ಐವತ್ತು ಟನ್ನಾಗುತ್ತದೆ. ಎತ್ತರ ಇಮ್ಮಡಿಯಾದರೆ ನೂಕು ನಾಲ್ಮಡಿ! ಆದುದರಿಂದಲೇ ಏರಿಯ ತಳವು ನೆತ್ತಿಗಿಂತ ಬಹಳ ಅಗಲವಾಗಿರಬೇಕು.

ಇಲ್ಲಿ ಇನ್ನೊಂದು ವಿಚಿತ್ರವುಂಟು. ಏರಿಯ ಹಿಂದೆ ನೀರು ಒಂದು ಫರ್ಲಾಂಗು ಹರಡಿಕೊಂಡಿರಲಿ, ಒಂದು ಹರದಾರಿ ಹರಡಿಕೊಂಡಿರಲಿ, ಆಳ ಒಂದೇ ಆಗಿದ್ದರೆ ಏರಿಯ ಮೇಲಿನ ಒತ್ತಡವೂ ಒಂದೇ. ಕೆರೆ ಎಷ್ಟು ದೊಡ್ಡದೆಂದು ನೋಡಿ ಹೆದರಬೇಕಾಗಿಲ್ಲ. ಎಷ್ಟು ಆಳವೆಂದು ನೋಡಿ ಎಚ್ಚರವಹಿಸಬೇಕು. ಬೋರ್‌ವೆಲ್ ಲಾರಿಯ ಕಂಬವನ್ನು ಎತ್ತುವ ಎಣ್ಣೆಗೂ ಕೆರೆಯ ಏರಿಯನ್ನು ನೂಕುವ ನೀರಿಗೂ ದ್ರವದ ಒತ್ತಡವೆಂಬ ಒಂದೇ ಶಾಸ್ತ್ರ ಅನ್ವಯಿಸುತ್ತದೆ. ಲಾರಿಯಲ್ಲಿ ಅದು ಮನುಷ್ಯನ ಕೈಯಾಳಾಗಿ ದುಡಿಯುತ್ತದೆ. ಕೆರೆಯಲ್ಲಿ ಹಗಲಿರುಳೂ ಬಿರುಕನ್ನು ಹುಡುಕುತ್ತಿರುತ್ತದೆ.

ಎರೆಮಣ್ಣಿನ ಸೀಮೆಯಲ್ಲಿ ಈ ಬಿರುಕಿನ ಭಯ ಹೆಚ್ಚು. ನೆನೆದಾಗ ಉಬ್ಬಿ ನೀರನ್ನು ಬಿಗಿಯಾಗಿ ತಡೆಯುವ ಮಣ್ಣು ಬೇಸಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಬರಿಯ ಎರೆಮಣ್ಣಿನಿಂದಲೇ ಕಟ್ಟಿದ ಏರಿಯು ಒಣಗಿ ಸೀಳಿದ ಮೇಲೆ ಮುಂಗಾರಿನ ಮೊದಲ ಪ್ರವಾಹಕ್ಕೆ ದಾರಿ ಕೊಟ್ಟುಬಿಡುತ್ತದೆ. ಬರಿಯ ಗರಸಿನಿಂದ ಕಟ್ಟಿದರೆ ನೀರು ಜಿನುಗಿ ಹೋಗುತ್ತದೆ. ಒಳಗೆ ನೀರು ಬಿಡದ ಮಣ್ಣನ್ನು ಪದರ ಪದರವಾಗಿ ಹಾಕಿ ತುಳಿಸಿ, ಹೊರಗೆ ಗರಸನ್ನು ಹೊದಿಸಿ, ಅಲೆ ಬಡಿಯುವ ಮುಖಕ್ಕೆ ಕಲ್ಲು ಜೋಡಿಸುವ ಕ್ರಮವನ್ನು ಕನ್ನಡನಾಡಿನ ಕೆರೆ ಕಟ್ಟುವವರು ಶತಮಾನಗಳಿಂದ ಬಲ್ಲರು. ಯಾವ ಗುಂಡಿಯ ಮಣ್ಣು ಯಾವುದಕ್ಕೆ ಒದಗುವುದೆಂಬುದನ್ನು ಅವರು ಮುಷ್ಟಿಯಲ್ಲಿ ಹಿಸುಕಿ ನೋಡಿ ಹೇಳುತ್ತಿದ್ದರು. ಇತಿಹಾಸದ ಪುಸ್ತಕಗಳಲ್ಲಿ ಕೆರೆ ಕಟ್ಟಿಸಿದವನ ಹೆಸರಿರುತ್ತದೆ; ಮಣ್ಣು ಹೊತ್ತವರ, ಕಲ್ಲು ಒಡೆದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಟೇಲರನ ಕೆರೆಗಳ ಹಿಂದೆಯೂ ಅಂಥ ನೂರಾರು ಕೈಗಳಿದ್ದವು.

ಇನ್ನು ತೂಬಿನ ಮಾತು. ಕೆರೆಯ ನೀರನ್ನು ಬೇಕಾದಾಗ ಬಿಡಲು ಏರಿಯ ತಳದಲ್ಲಿ ಒಂದು ಕಂಡಿ ಇರುತ್ತದೆ. ಅದನ್ನು ಮುಚ್ಚಿದ ಬೆಣೆಯನ್ನು ಮೇಲಿನಿಂದ ಎಳೆಯಬೇಕು. ಕಂಡಿಯು 20 ಸೆಂಟಿಮೀಟರ್ ಚೌಕವಾಗಿದ್ದು ಐದು ಮೀಟರ್ ಆಳದಲ್ಲಿದ್ದರೆ, ಬೆಣೆಯ ಮೇಲೆ ನೀರಿನ ಒತ್ತಡವೇ 200 ಕಿಲೋಗ್ರಾಂ ಆಗುತ್ತದೆ. ನೀರಗಂಟಿ ಒಬ್ಬನು ಅದನ್ನು ಎಳೆಯುವುದೆಂತು? ಒಂದು ದೊಡ್ಡ ಕಂಡಿಗೆ ಬದಲಾಗಿ ಬೇರೆ ಬೇರೆ ಎತ್ತರಗಳಲ್ಲಿ ಸಣ್ಣ ಸಣ್ಣ ಕಂಡಿಗಳನ್ನಿಟ್ಟು, ನೀರು ಇಳಿದಂತೆಲ್ಲ ಮೇಲಿನಿಂದ ಒಂದೊಂದಾಗಿ ತೆರೆಯುತ್ತ ಬರುವುದು ಇದಕ್ಕೆ ಒಂದು ಉಪಾಯ. ತೂಬಿಗಿಂತಲೂ ಮುಖ್ಯವಾದುದು ಕೋಡಿ. ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಹರಿಯತೊಡಗಿದರೆ ಆ ಏರಿಯ ಆಯುಷ್ಯ ಮುಗಿದಂತೆಯೇ. ಹೆಚ್ಚಿನ ನೀರು ಕೋಡಿಯ ಮೇಲೆ ಹಾಯ್ದು ಹೋಗುವಂತೆ, ಏರಿಯ ನೆತ್ತಿ ಕೋಡಿಗಿಂತ ಸಾಕಷ್ಟು ಎತ್ತರದಲ್ಲಿರಬೇಕು. ಇದಕ್ಕೆ ಮೈಲುಗಟ್ಟಲೆ ನೆಲದ ಏರಿಳಿತವನ್ನು ಅಂಗುಲದ ಲೆಕ್ಕದಲ್ಲಿ ಅಳೆಯಬೇಕು. ಕಣ್ಣಳತೆಗೆ ಸಮನಾಗಿ ಕಾಣುವ ಎರೆಹೊಲದಲ್ಲಿ ಕಣ್ಣು ಮೋಸಹೋಗುವುದು ಬಲು ಸುಲಭ.

ಟೇಲರನು ಈ ವಿದ್ಯೆಯನ್ನು ಗುರುವಿನ ಬಳಿ ಕುಳಿತು ಕಲಿತವನಲ್ಲ. ಪುಸ್ತಕಗಳನ್ನು ತರಿಸಿಕೊಂಡು ಓದಿದನು; ಉಪಕರಣಗಳನ್ನು ತಾನೇ ಹೊಲಕ್ಕೆ ಒಯ್ದು ಬಳಸಿದನು. ಹಗಲೆಲ್ಲ ನ್ಯಾಯ ತೀರ್ಮಾನ, ಕಂದಾಯ, ದೂರು ದುಮ್ಮಾನಗಳು. ಉಳಿದ ಹೊತ್ತಿನಲ್ಲಿ ಓದು ಮತ್ತು ಲೆಕ್ಕ. ಅವನ ಕುತೂಹಲಕ್ಕೆ ಎಲ್ಲೆಯೇ ಇರಲಿಲ್ಲ. ಕಲ್ಲುಗಳನ್ನು ಅರಿಯಲು ಭೂವಿಜ್ಞಾನವನ್ನು ಓದಿದನು. ಚಿತ್ರ ಬರೆದನು. ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಭಾರತದ ಸುದ್ದಿಗಳನ್ನು ಬರೆದು ಕಳಿಸಿದನು. ರಾಜನಕೋಳೂರಿನ ಬಯಲಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಪುರಾತನ ಸಮಾಧಿಗಳನ್ನೂ, ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳನ್ನೂ, ಜೇವರ್ಗಿಯ ಬಳಿಯ ಕಲ್ಲುಗುಪ್ಪೆಗಳನ್ನೂ ಅಳೆದು, ಕೆಲವನ್ನು ಅಗೆಸಿ, ವಿದ್ವಾಂಸರ ಗಮನಕ್ಕೆ ತಂದನು. ದಕ್ಷಿಣ ಭಾರತದ ಬೃಹತ್ ಶಿಲಾಸಮಾಧಿಗಳ ಅಧ್ಯಯನವನ್ನು ಕುರಿತು ಬರೆಯುವವರು ಇಂದಿಗೂ ಅವನ ಹೆಸರನ್ನು ಬಿಡುವಂತಿಲ್ಲ. ಆ ಬರೆಹಗಳಲ್ಲಿ ಅವನು ಮಾಡಿದ ಊಹೆಗಳು ಎಷ್ಟೋ ಈಗ ಬಿದ್ದುಹೋಗಿವೆ. ಅಳತೆಗಳು ಮಾತ್ರ ಉಳಿದಿವೆ.

ಇಷ್ಟೆಲ್ಲದರ ನಡುವೆ ಬಾಲಕ ವೆಂಕಟಪ್ಪ ನಾಯಕನ ಶಿಕ್ಷಣದ ಹೊಣೆಯೂ ಅವನದೇ. ತಂದೆಯಿಲ್ಲದ ಆ ಹುಡುಗನು ಟೇಲರನನ್ನು ಅಪ್ಪನೆಂದೇ ಕರೆಯುತ್ತಿದ್ದನು. ಟೇಲರನಿಗೂ ಅವನ ಮೇಲೆ ಮಗನ ಪ್ರೀತಿ. 1853ರಲ್ಲಿ ಪ್ರಾಯಕ್ಕೆ ಬಂದ ಅರಸನಿಗೆ ರಾಜ್ಯವನ್ನು ಒಪ್ಪಿಸಿ ಟೇಲರನು ಸುರಪುರವನ್ನು ಬಿಟ್ಟನು. ಹುಡುಗನು ರಾಜ್ಯಭಾರವನ್ನು ಹೇಗೆ ನಿಭಾಯಿಸಿಯಾನು ಎಂಬ ಅಳುಕು ಅವನಿಗಿತ್ತು.

ಅದೇ ವರ್ಷ ನಿಜಾಮನು ಸಾಲಕ್ಕಾಗಿ ಕೆಲವು ಜಿಲ್ಲೆಗಳನ್ನು ಕಂಪೆನಿಗೆ ಬಿಟ್ಟುಕೊಟ್ಟನು. ಅವುಗಳಲ್ಲಿ ಒಂದಾದ ನಳದುರ್ಗಕ್ಕೆ ಟೇಲರನು ಅಧಿಕಾರಿಯಾಗಿ ಹೋದನು. ನೀರಿನ ಕೆಲಸವನ್ನು ಬಲ್ಲವನಿಗೆ ನಳದುರ್ಗಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಅಲ್ಲಿನ ಕೋಟೆಯಲ್ಲಿ ಬೋರಿ ನದಿಗೆ ಅಡ್ಡಲಾಗಿ ವಿಜಾಪುರದ ಆದಿಲಶಾಹಿ ಅರಸರ ಕಾಲದಲ್ಲಿ ಕಟ್ಟಿದ ಕಲ್ಲಿನ ಒಡ್ಡು ಇದೆ. ಒಡ್ಡಿನ ಹೊಟ್ಟೆಯೊಳಗೇ ಅರಮನೆಯ ಕೋಣೆಗಳಿವೆ. ಮಳೆಗಾಲದಲ್ಲಿ ನೀರು ಒಡ್ಡನ್ನು ಹಾಯ್ದು ಧುಮುಕುವಾಗ ಒಳಗೆ ಕುಳಿತವರು ಮೈ ನೆನೆಯದೆ ಆ ಸೊಬಗನ್ನು ನೋಡಬಹುದು. ಎರಡೂವರೆ ಶತಮಾನ ಹಿಂದೆಯೇ ಇಂಥದನ್ನು ಕಟ್ಟಿದವರ ನಾಡಿನಲ್ಲಿ ತಾನು ಕೆಲಸ ಮಾಡುತ್ತಿದ್ದೇನೆಂಬ ಅರಿವು ಟೇಲರನಿಗಿತ್ತು. ಅಲ್ಲಿ ಅವನು ಸ್ಥಳೀಯ ಜನರನ್ನೇ ಅಳತೆಯ ಕೆಲಸಕ್ಕೆ ತರಬೇತು ಮಾಡಿದನು, ರಸ್ತೆಗಳನ್ನು ಹಾಕಿಸಿದನು, ಭೂಮಾಪನವನ್ನು ನಡೆಸಿದನು. ಜನ ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಮೆಡೋಸ್ ಎಂಬುದು ನಾಲಗೆಗೆ ಒಗ್ಗದೆ ಮಹಾದೇವನಾಯಿತೋ, ಇಲ್ಲವೆ ಪ್ರೀತಿಯೇ ಹಾಗೆ ಕರೆಯಿಸಿತೋ, ಎರಡೂ ಇದ್ದೀತು.

1857ರಲ್ಲಿ ಉತ್ತರ ಭಾರತದಲ್ಲಿ ದಂಗೆಯ ಬೆಂಕಿ ಹೊತ್ತಿಕೊಂಡಾಗ ಟೇಲರನನ್ನು ವರ್‍ಹಾಡ ಪ್ರಾಂತಕ್ಕೆ ಕಳಿಸಲಾಯಿತು. ಅತ್ತ ಸುರಪುರದಲ್ಲಿ ವೆಂಕಟಪ್ಪ ನಾಯಕನು ಆಂಗ್ಲರ ವಿರುದ್ಧ ಕತ್ತಿ ಹಿರಿಯಲು ಸಿದ್ಧನಾಗುತ್ತಿದ್ದನು. 1858ರ ಫೆಬ್ರವರಿಯಲ್ಲಿ ಬೇಡರ ಪಡೆಗೂ ಆಂಗ್ಲರ ಸೈನ್ಯಕ್ಕೂ ಸುರಪುರದಲ್ಲಿ ಕಾಳಗವಾಯಿತು. ಆಂಗ್ಲ ಅಧಿಕಾರಿಗಳು ಸತ್ತರು. ಆದರೆ ಆಂಗ್ಲರಿಗೆ ಹೆಚ್ಚಿನ ಪಡೆಗಳು ಬಂದು ಸೇರಿದವು. ಅರಸನು ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಿ ಸೆರೆಸಿಕ್ಕಿದನು. ಕೆಟ್ಟವರ ಸಹವಾಸದಿಂದ ಹುಡುಗನು ಹಾದಿ ತಪ್ಪಿದನೆಂದು ಟೇಲರನು ತಿಳಿದನು. ಸುರಪುರದ ಜನ ಹಾಗೆ ತಿಳಿಯಲಿಲ್ಲ. ನಾವೂ ಹಾಗೆ ತಿಳಿಯಬೇಕಾಗಿಲ್ಲ. ತನ್ನ ನಾಡನ್ನು ತಾನೇ ಆಳಬೇಕೆಂಬ ಹಂಬಲಕ್ಕೆ ಪರರ ದುರ್ಬೋಧನೆಯ ಅಗತ್ಯವೇನು? ಟೇಲರನು ಎಷ್ಟೇ ಸಹೃದಯನಾಗಿದ್ದರೂ ಈ ಒಂದು ವಿಷಯದಲ್ಲಿ ಆಳುವವರ ಕಣ್ಣಿನಿಂದಲೇ ನೋಡಿದನು.

ಸೆರೆಯಲ್ಲಿದ್ದ ಅರಸನನ್ನು ನೋಡಲು ಟೇಲರನು ಹೋದನು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಆ ತರುಣನು ಚಿಕ್ಕಂದಿನಂತೆಯೇ ಅಪ್ಪನೆಂದು ಕರೆದು ಅವನನ್ನು ತಬ್ಬಿಕೊಂಡನು. ತನ್ನೊಡನೆ ಸೇರಿ ಸಂಚು ಮಾಡಿದವರ ಹೆಸರುಗಳನ್ನು ಹೇಳಿದರೆ ಪ್ರಾಣ ಉಳಿಯಬಹುದೆಂಬ ಸೂಚನೆಯನ್ನು ಅವನಿಗೆ ತಿಳಿಸಲಾಯಿತು. ಅರಸನು ಒಪ್ಪಲಿಲ್ಲ. ನಂಬಿದವರ ಹೆಸರನ್ನು ಹೇಳಿ ಜೀವ ಉಳಿಸಿಕೊಳ್ಳುವುದು ಬೇಡನಿಗೆ ಸಲ್ಲದೆಂದನು. ಪ್ರಾಣಭಿಕ್ಷೆಯನ್ನು ಬೇಡಲಾರೆನೆಂದೂ, ಕಳ್ಳನಂತೆ ಗಲ್ಲಿಗೇರಿಸದೆ ಫಿರಂಗಿಯ ಬಾಯಿಗೆ ಕಟ್ಟಿದರೆ ಸಾಕೆಂದೂ ಕೇಳಿಕೊಂಡನು. ಈ ಮಾತುಗಳನ್ನು ನಮಗಾಗಿ ಬರೆದಿಟ್ಟವನು ಟೇಲರನೇ. ತನ್ನ ಸರಕಾರಕ್ಕೆ ವೈರಿಯಾದವನ ಧೈರ್ಯವನ್ನು ಮರೆಮಾಚದೆ ದಾಖಲಿಸಿದ ಕಾರಣಕ್ಕಾಗಿ ಅವನಿಗೆ ನಾವು ಋಣಿಗಳು.

ಟೇಲರನು ಅವನಿಗಾಗಿ ಮೊರೆಯಿಟ್ಟನು. ಶಿಕ್ಷೆಯು ಕಡಿಮೆಯಾಗುತ್ತ ಬಂದು, ಕೊನೆಗೆ ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆವಾಸವೆಂದು ನಿಗದಿಯಾಯಿತು. ಆ ಅವಧಿಯ ಬಳಿಕ ಸುರಪುರವು ಅವನಿಗೆ ಮರಳಿ ಸಿಗುವ ಆಸೆಯೂ ಇತ್ತು. ಆದರೆ 1858ರ ಮೇ ತಿಂಗಳಿನಲ್ಲಿ, ಚೆಂಗಲ್ಪಟ್ಟಿಗೆ ಒಯ್ಯುತ್ತಿದ್ದ ದಾರಿಯಲ್ಲಿಯೇ, ಅರಸನು ಗುಂಡಿನಿಂದ ಸತ್ತನು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಅವನೇ ಗುಂಡು ಹಾರಿಸಿಕೊಂಡನೆಂದು ಆಂಗ್ಲರ ದಾಖಲೆ ಹೇಳುತ್ತದೆ. ಅದನ್ನು ನಂಬದವರೂ ಈ ಸೀಮೆಯಲ್ಲಿ ಉಂಟು.

ಆಮೇಲೆ ಟೇಲರನನ್ನು ಮತ್ತೆ ಸುರಪುರಕ್ಕೆ ಅಧಿಕಾರಿಯನ್ನಾಗಿ ಕಳಿಸಲಾಯಿತು. ಅದೇ ಗುಡ್ಡ, ಅದೇ ಮನೆ, ಅವೇ ಕೆರೆಗಳು. ಅರಮನೆಯಲ್ಲಿ ಮಾತ್ರ ಅರಸನಿಲ್ಲ. 1860ರಲ್ಲಿ ಆಂಗ್ಲ ಸರಕಾರವು ಸುರಪುರವನ್ನು, ದಂಗೆಯ ಕಾಲದಲ್ಲಿ ತನಗೆ ನಿಷ್ಠನಾಗಿದ್ದ ನಿಜಾಮನಿಗೆ ಬಹುಮಾನವಾಗಿ ಕೊಟ್ಟುಬಿಟ್ಟಿತು. ಸಂಸ್ಥಾನವೆಂಬುದು ಅಲ್ಲಿಗೆ ಮುಗಿಯಿತು. ಅದೇ ವರ್ಷ ಆರೋಗ್ಯ ಕೆಟ್ಟು ಟೇಲರನು ಸೇವೆಯಿಂದ ನಿವೃತ್ತನಾಗಿ ತನ್ನ ದೇಶಕ್ಕೆ ಮರಳಿದನು.

ಅಲ್ಲಿ ಅವನು ದಖ್ಖನ್ನಿನ ಕತೆಗಳನ್ನೇ ಬರೆಯುತ್ತ ಉಳಿದನು. ತಾರಾ, ಸೀತಾ ಎಂಬ ಕಾದಂಬರಿಗಳು ಆ ಕಾಲದವು. ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸವೊಂದನ್ನೂ ಬರೆದನು. 1875ರಲ್ಲಿ ಹೈದರಾಬಾದಿನ ದಿವಾನ ಸಾಲಾರ್ ಜಂಗನ ಆಹ್ವಾನದ ಮೇಲೆ ಇನ್ನೊಮ್ಮೆ ಭಾರತಕ್ಕೆ ಬಂದನು. ಆ ವೇಳೆಗೆ ಅವನ ಕಣ್ಣಿನ ಬೆಳಕು ನಂದುತ್ತಿತ್ತು. ಇಲ್ಲಿ ಜ್ವರಕ್ಕೆ ತುತ್ತಾಗಿ ಅದೂ ಹೋಯಿತು. ಒಂದು ಕಾಲದಲ್ಲಿ ನೆಲದ ಏರಿಳಿತವನ್ನು ಅಂಗುಲ ಅಂಗುಲವಾಗಿ ಅಳೆದ ಕಣ್ಣುಗಳವು. ಹಿಂತಿರುಗುವ ದಾರಿಯಲ್ಲಿ ಫ್ರಾನ್ಸಿನ ಮೆಂಟೋನ್ ಎಂಬಲ್ಲಿ 1876ನೆಯ ಮೇ 13ರಂದು ಅವನು ತೀರಿಕೊಂಡನು. ಅವನು ಬರೆದಿಟ್ಟಿದ್ದ ಆತ್ಮಕತೆಯನ್ನು ಮಗಳು ಆಲಿಸ್ ಮರುವರ್ಷ ಪ್ರಕಟಿಸಿದಳು.

ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಬಸವಸಾಗರ ಅಣೆಕಟ್ಟು ಎದ್ದ ಮೇಲೆ ಸುರಪುರ, ಶಹಾಪುರಗಳ ಎಷ್ಟೋ ಹೊಲಗಳಿಗೆ ಕಾಲುವೆಯ ನೀರು ಬಂದಿದೆ. ಕಾಲುವೆ ಮುಟ್ಟದ ಕಡೆಗಳಲ್ಲಿ ಬೋರ್‌ವೆಲ್ ಲಾರಿಗಳು ತಿರುಗುತ್ತಿವೆ. ಕಂಬ ಏಳುತ್ತದೆ, ಬಂಡೆ ಸೀಳುತ್ತದೆ. ಕೆಲವು ಹೊಲಗಳಲ್ಲಿ ನೀರು ಚಿಮ್ಮುತ್ತದೆ, ಕೆಲವು ಹೊಲಗಳಲ್ಲಿ ಬರಿಯ ಧೂಳು ಬರುತ್ತದೆ. ಬೋನಾಳದ ಕೆರೆಯು ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬಂದಿಳಿಯುತ್ತವೆ. ಸಂಜೆಯ ಹೊತ್ತು ಏರಿಯ ಮೇಲೆ ನಿಂತರೆ ನೀರಿನ ಮೇಲೆ ಅವುಗಳ ಕೂಗು ಬಹಳ ದೂರದವರೆಗೆ ಕೇಳಿಸುತ್ತದೆ.